ಖೋ ಆಟದ ವಿಕಲ್ಪ

ವ್ಯಾಕರಣಶಾಸ್ತ್ರದಲ್ಲಿ ವಿಕಲ್ಪವೆಂಬ ಒಂದು ಮಾತುಂಟು. ಒಂದೇ ಸ್ಥಳದಲ್ಲಿ ಎರಡು ರೂಪಗಳು ಸಾಧುವಾಗಿದ್ದು, ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಪ್ರಯೋಗಿಸುವವನಿಗೆ ಬಿಟ್ಟದ್ದಾದರೆ ಅದು ವಿಕಲ್ಪ. ‘ಅವನ ಊರು’ ಎಂದರೂ ಸರಿ, ‘ಅವನೂರು’ ಎಂದರೂ ಸರಿ. ಪಾಣಿನಿಯು ಇದನ್ನು ಸೂಚಿಸಲು ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’ ಎಂದು ಮೂರು ಮಾತುಗಳನ್ನು ಬಳಸಿದ್ದಾನೆ. ಈ ಪಾಠವು ನಡೆದಿರುವಾಗ ಮಕ್ಕಳ ಕಣ್ಣು ಕಿಟಕಿಯಾಚೆಯ ಬಯಲಿನ ಕಡೆಗೆ ಹೋಗುವುದು ಸಹಜ. ಹೋಗಲಿ. ವಿಕಲ್ಪದ ಪಾಠವು ಕೊಠಡಿಗಿಂತ ಆ ಬಯಲಿನಲ್ಲಿಯೇ, ಖೋ-ಖೋ ಆಟದ ಗೆರೆಗಳ ನಡುವೆ, ಚೆನ್ನಾಗಿ ನಡೆಯುತ್ತದೆ. ಒಂದೇ ವ್ಯತ್ಯಾಸವೆಂದರೆ, ವ್ಯಾಕರಣದಲ್ಲಿ ಎರಡು ರೂಪಗಳೂ ಎಂದೆಂದಿಗೂ ಸಾಧು. ಆಟದಲ್ಲಿ ಎರಡರ ಪೈಕಿ ಒಂದು ಮಾತ್ರ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಸಾಧುವಾಗಿರುತ್ತದೆ.

‘ಖೋ’ ಎಂಬುದು ಮಹಾಪ್ರಾಣದಿಂದ ಕೂಡಿದ ಏಕಾಕ್ಷರ. ಹಳ್ಳಿಯ ಬಾಯಲ್ಲಿ ಅದು ‘ಕೊಕ್ಕೊ’ ಎಂದಾಗಿದೆ. ಪತ್ರಿಕೆಗಳವರು ಅದನ್ನು ಇನ್ನೂ ಮೊಟಕು ಮಾಡಿ ‘ಕೊಕ್’ ಎಂದು ಬರೆಯುತ್ತಾರೆ. ಮಂತ್ರಿಗೆ ಸಂಪುಟದಿಂದ ಕೊಕ್, ಆಟಗಾರನಿಗೆ ತಂಡದಿಂದ ಕೊಕ್, ಹೀಗೆ. ಅಲ್ಲಿ ಕೊಕ್ ಎಂದರೆ ಕುಳಿತ ಸ್ಥಾನವು ಹೋಯಿತೆಂದು ಅರ್ಥ. ಶಬ್ದಾರ್ಥದ ದೃಷ್ಟಿಯಿಂದ ಇದು ಪೂರ್ತಿ ತಪ್ಪಲ್ಲ. ಖೋ ಪಡೆದವನು ಕುಳಿತ ಚೌಕವನ್ನು ಬಿಟ್ಟು ಏಳಲೇಬೇಕು. ಆದರೆ ಆಟದಲ್ಲಿ ಏಳುವವನಿಗೆ ಕೆಲಸವು ಆಗ ಪ್ರಾರಂಭವಾಗುತ್ತದೆ, ಮತ್ತು ಖೋ ಕೊಟ್ಟವನೇ ಅವನ ಚೌಕದಲ್ಲಿ ಕುಳಿತುಕೊಳ್ಳುತ್ತಾನೆ. ಸ್ಥಾನವನ್ನು ಬಿಡಿಸುವವನು ತಾನು ಓಡುತ್ತಿದ್ದ ಓಟವನ್ನೂ ಬಿಟ್ಟುಕೊಡುವ ಈ ವ್ಯವಹಾರವು ರಾಜಕಾರಣದಲ್ಲಿ ಕಂಡುಬರುವುದು ವಿರಳವಾದುದರಿಂದ ಪತ್ರಿಕೆಗಳಲ್ಲಿ ಅರ್ಧ ಅರ್ಥವು ಮಾತ್ರ ಉಳಿದಿದೆಯೆಂದು ಕಾಣುತ್ತದೆ.

ಆಟದ ರಚನೆಯನ್ನು ಬಲ್ಲವರಿಗೂ ಅದರ ಒಳಗಿನ ತರ್ಕವನ್ನು ಒಮ್ಮೆ ಬಿಡಿಸಿ ಹೇಳುವುದು ಅವಶ್ಯ. ಈಗಿನ ನಿಯಮದಂತೆ ಅಂಕಣವು 27 ಮೀಟರ್ ಉದ್ದ, 16 ಮೀಟರ್ ಅಗಲ. ನಡುವೆ ಒಂದು ಕಿರಿದಾದ ಹಾದಿ. ಅದರ ಎರಡು ತುದಿಗಳಲ್ಲಿ ಎರಡು ಕಂಬಗಳು. ಆ ಹಾದಿಯ ಮೇಲೆ ಎಂಟು ಚೌಕಗಳಲ್ಲಿ ಎಂಟು ಜನ ಕುಳಿತಿರುತ್ತಾರೆ. ಒಬ್ಬನ ಮುಖ ಬಡಗಣಕ್ಕಾದರೆ ಪಕ್ಕದವನ ಮುಖ ತೆಂಕಣಕ್ಕೆ. ಒಂಬತ್ತನೆಯವನು ಬೆನ್ನಟ್ಟುವವನು. ಎದುರು ಪಕ್ಷದವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಅವರು ಎಲ್ಲಿಯಾದರೂ ನುಸುಳಬಹುದು, ಯಾವ ಕಡೆಗಾದರೂ ತಿರುಗಬಹುದು. ಬೆನ್ನಟ್ಟುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ನಡುಹಾದಿಯನ್ನು ದಾಟುವಂತಿಲ್ಲ; ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ; ಆಚೆಯ ಬದಿಗೆ ಹೋಗಬೇಕಾದರೆ ಕಂಬವನ್ನು ಸುತ್ತಿಯೇ ಹೋಗಬೇಕು.

ಓಡುವವನಿಗೆ ಇಷ್ಟು ಸಡಿಲು, ಹಿಡಿಯುವವನಿಗೆ ಇಷ್ಟು ಬಿಗಿ. ಹೀಗಿದ್ದೂ ಹಿಡಿಯುವವರು ಹಿಡಿಯುತ್ತಾರೆ. ಹೇಗೆಂದರೆ, ಬಡಗಣ ಬದಿಯಲ್ಲಿ ಓಡುತ್ತಿರುವ ಬೆನ್ನಟ್ಟುವವನಿಗೆ ನಾಲ್ಕು ಬೆನ್ನುಗಳು ಕಾಣುತ್ತವೆ. ಅವು ತೆಂಕಣಕ್ಕೆ ಮುಖ ಮಾಡಿ ಕುಳಿತವರ ಬೆನ್ನುಗಳು. ಮುಂದೆ ಓಡುತ್ತಿರುವವನು ಇದೇ ಬದಿಯಲ್ಲಿ ಉಳಿದರೆ ತಾನೇ ಓಡಬೇಕು. ಅವನು ನಡುಹಾದಿಯನ್ನು ಹಾಯ್ದು ಆಚೆಗೆ ಸರಿದರೆ, ಆ ಕ್ಷಣದಲ್ಲಿ ಕೈಗೆ ಎಟುಕುವ ಬೆನ್ನನ್ನು ಮುಟ್ಟಿ ‘ಖೋ’ ಎನ್ನಬೇಕು. ಮುಟ್ಟಿಸಿಕೊಂಡವನು ಎದ್ದಲ್ಲಿಯೇ ತೆಂಕಣ ಬದಿಯಲ್ಲಿರುತ್ತಾನೆ. ಓಡುವವನು ಒಬ್ಬನಿಂದ ತಪ್ಪಿಸಿಕೊಂಡು ಮತ್ತೊಬ್ಬನ ಮಡಿಲಿಗೆ ಬಿದ್ದಂತಾಗುತ್ತದೆ. ಎದ್ದವನಿಗೂ ಎಡಕ್ಕೋ ಬಲಕ್ಕೋ ಎಂಬ ಇನ್ನೊಂದು ವಿಕಲ್ಪವುಂಟು. ಕಂಬದ ಸಮೀಪದಲ್ಲಿ ಮೂರನೆಯದು: ಒಂದು ಕೈಯಿಂದ ಕಂಬವನ್ನು ಹಿಡಿದು ಮೈಯನ್ನು ಆಚೆ ಬದಿಗೆ ಚಾಚಿ ಹಾರುವುದೋ, ಸುತ್ತಿ ಓಡುವುದೋ. ಹೀಗೆ ಆಕ್ರಮಣವೆಂಬುದು ಮೊದಲೇ ಬರೆದಿಟ್ಟ ಪಾಠವಾಗಿರದೆ, ಓಡುವವನ ಕಾಲು ಎತ್ತ ಬೀಳುತ್ತದೆಯೋ ಅದನ್ನು ನೋಡಿ ಓಡುತ್ತಲೇ ರಚಿಸಿಕೊಳ್ಳುವ ವಾಕ್ಯವಾಗಿರುತ್ತದೆ.

ದೈಹಿಕ ಶಿಕ್ಷಕರು ಖೋ ಕೊಡುವ ಬಗೆಗಳನ್ನು ಹೇಳುವಾಗ ಸಾದಾ ಖೋ, ಮುಂಚಿನ ಖೋ, ತಡವಾದ ಖೋ, ಜಜ್‌ಮೆಂಟ್ ಖೋ ಎಂದು ವಿಂಗಡಿಸುತ್ತಾರೆ. ಕೊನೆಯದನ್ನು ವಿವೇಕದ ಖೋ ಎನ್ನಬಹುದು. ಮುಂಚಿತವಾಗಿ ಕೊಟ್ಟರೆ ಓಡುವವನು ಈಚೆಯಲ್ಲಿಯೇ ಉಳಿದು, ಎದ್ದವನು ಆಚೆಯಲ್ಲಿ ಬರಿಗೈಯಾಗಿ ನಿಲ್ಲುತ್ತಾನೆ. ತಡಮಾಡಿ ಒಂದು ಬೆನ್ನನ್ನು ದಾಟಿ ಹೋದರೆ ಹಿಂದಿರುಗುವಂತಿಲ್ಲ. ಮುಂದಿನ ಬೆನ್ನು ಎರಡು ಚೌಕಗಳಾಚೆ, ಅಂದರೆ ಸುಮಾರು ಐದು ಮೀಟರ್ ದೂರದಲ್ಲಿ ಇರುತ್ತದೆ. ಅಷ್ಟರಲ್ಲಿ ಓಡುವವನು ಮತ್ತೆ ಈಚೆಗೆ ಬಂದಿರುತ್ತಾನೆ. ಚತುರನಾದ ಓಟಗಾರನ ವಿದ್ಯೆಯೆಲ್ಲವೂ ಈ ತಡವನ್ನು ಉಂಟುಮಾಡುವುದರಲ್ಲಿದೆ. ಒಂದೊಂದು ಚೌಕವನ್ನು ಬಳಸಿ ಹಾವಿನಂತೆ ಸುತ್ತುವ ಸಿಂಗಲ್ ಚೈನ್, ಎರಡೆರಡನ್ನು ಬಿಟ್ಟು ಸುತ್ತುವ ಡಬಲ್ ಚೈನ್ ಮುಂತಾದುವು ಬೆನ್ನಟ್ಟುವವನ ನಿರ್ಧಾರವನ್ನು ಅರ್ಧ ಹೆಜ್ಜೆ ಹಿಂದಕ್ಕೆ ತಳ್ಳುವ ಉಪಾಯಗಳೇ ಆಗಿವೆ.

ಇಂಥ ಆಕ್ರಮಣವು ಭಾರತದ ಸ್ವತ್ತು ಮಾತ್ರವೆಂದು ಹೇಳಿ ಹೆಮ್ಮೆಪಡಬೇಕಾದ ಕಾರಣವಿಲ್ಲ. ಅಮೇರಿಕದ ಕಾಲೇಜುಗಳಲ್ಲಿ ಆಡುವ ಫುಟ್‌ಬಾಲಿನಲ್ಲಿ ‘ಆಪ್ಷನ್’ ಎಂಬ ಒಂದು ಪದ್ಧತಿಯುಂಟು. ಅದು ವಿಕಲ್ಪವೆಂಬ ಮಾತಿನ ಭಾಷಾಂತರವೇ ಆಗಿದೆ. ಅದು ಹೆಸರಿಗೆ ಮಾತ್ರ ಕಾಲ್ಚೆಂಡಿನ ಆಟ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಓಡುವವನನ್ನು ಕೆಡವುವುದು ಅದರ ಮುಖ್ಯ ವ್ಯಾಪಾರ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನು ಚೆಂಡು ಕೈಗೆ ಬಂದ ಮೇಲೆ ಎದುರು ಪಕ್ಷದ ಒಬ್ಬನನ್ನು ಬೇಕೆಂದೇ ಯಾರೂ ತಡೆಯದಂತೆ ಬಿಟ್ಟು, ಅವನ ನಡೆಯನ್ನು ಮಾತ್ರ ನೋಡುತ್ತಾನೆ. ಆ ಎದುರಾಳಿ ತನ್ನ ಮೇಲೆ ಬಂದರೆ ಚೆಂಡನ್ನು ಜೊತೆಯವನಿಗೆ ಎಸೆಯುತ್ತಾನೆ. ಜೊತೆಯವನ ಕಡೆಗೆ ಸರಿದರೆ ತಾನೇ ಹಿಡಿದು ಓಡುತ್ತಾನೆ. ಎದುರಾಳಿ ಏನು ಮಾಡಿದರೂ ಅದು ತಪ್ಪಾಗಬೇಕು. ಮಿಸ್ಸೂರಿ ವಿಶ್ವವಿದ್ಯಾಲಯದ ಶಿಕ್ಷಕ ಡಾನ್ ಫರಾಟ್ 1941ರಲ್ಲಿ ಇದನ್ನು ರೂಪಿಸಿದಾಗ ಅವನಿಗೆ ಹೊಳಹು ದೊರೆತದ್ದು ಬಾಸ್ಕೆಟ್‌ಬಾಲಿನಲ್ಲಿ ಇಬ್ಬರು ಒಬ್ಬನನ್ನು ಎದುರಿಸುವ ಸಂದರ್ಭದಿಂದ. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಎಮರಿ ಬೆಲ್ಲಾರ್ಡ್ ಎಂಬವನು ಮೂರು ವಿಕಲ್ಪಗಳುಳ್ಳ ‘ವಿಷ್‌ಬೋನ್’ ರಚನೆಯನ್ನು ಕಲಿಸಿದನು. ಮೊದಲ ಪಂದ್ಯ ಸಮವಾಯಿತು, ಎರಡನೆಯದರಲ್ಲಿ ಸೋಲಾಯಿತು. ಅನಂತರ ಆ ತಂಡವು ಒಂದರ ಮೇಲೊಂದರಂತೆ 30 ಪಂದ್ಯಗಳನ್ನು ಗೆದ್ದಿತು.

ಹಣಕ್ಕಾಗಿ ಆಡುವ ಅಲ್ಲಿಯ ದೊಡ್ಡ ಸಂಘಗಳು ಈ ಪದ್ಧತಿಯನ್ನು ಬಹುಮಟ್ಟಿಗೆ ದೂರವಿರಿಸಿದುವು. ದುಬಾರಿ ಬೆಲೆಯ ಕ್ವಾರ್ಟರ್‌ಬ್ಯಾಕನು ಮತ್ತೆ ಮತ್ತೆ ಪೆಟ್ಟು ತಿನ್ನುವುದು ಅವಕ್ಕೆ ಬೇಕಿರಲಿಲ್ಲ. ಅದನ್ನು ಬಿಡದೆ ಉಳಿಸಿಕೊಂಡು ಬಂದವರಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಅಕಾಡೆಮಿಗಳು ಪ್ರಸಿದ್ಧವಾದುವು. ಎದುರಾಳಿಗಳಷ್ಟು ದೈತ್ಯಕಾಯದ ಹುಡುಗರು ಅಲ್ಲಿಗೆ ಬರುವುದಿಲ್ಲ. ಗಾತ್ರದಲ್ಲಿ ಕಡಿಮೆಯಾದವರು ನಿರ್ಧಾರದಲ್ಲಿ ಮುಂದಾಗಬೇಕಾಯಿತು. ಇದನ್ನು ಓದಿದಾಗ ಕಲಘಟಗಿ ತಾಲೂಕಿನ ತಂಬೂರದಂಥ ಊರಿನ ಶಾಲೆಗಳ ನೆನಪು ಬಾರದಿರದು. ಬಸವಣ್ಣದೇವರ ಹಳೆಯ ಗುಡಿಯಿಂದ ಹೆಸರಾದ ಆ ಊರು ಅರೆಮಲೆನಾಡಿನ ಸೆರಗಿನಲ್ಲಿದೆ. ಅಂಥ ಕಡೆಯಿಂದ ಬರುವ ಮಕ್ಕಳಿಗೆ ಪೇಟೆಯ ಮಕ್ಕಳಿಗಿರುವಂತೆ ಬೆಲೆಯುಳ್ಳ ಬೂಟು, ಒಳಾಂಗಣ, ಬೇಸಿಗೆಯ ಶಿಬಿರ ಇವಾವುವೂ ಸುಲಭಸಾಧ್ಯವಲ್ಲ. ಎರಡು ಕಂಬ ಮತ್ತು ಒಂದು ಬುಟ್ಟಿ ಸುಣ್ಣ ಇದ್ದರೆ ಖೋ ಆಟಕ್ಕೆ ಸಾಕು. ಮಿಕ್ಕದ್ದನ್ನು ಮಕ್ಕಳೇ ತರಬೇಕು.

ಆ ಮಿಕ್ಕದ್ದನ್ನು ಅವರಿಂದ ಕಿತ್ತುಕೊಳ್ಳುತ್ತಿರುವುದು ಯಾರೆಂಬುದೇ ಈಗ ವಿಚಾರಿಸಬೇಕಾದ ಸಂಗತಿ. ಯಾವುದೇ ಹೋಬಳಿ ಅಥವಾ ತಾಲೂಕು ಮಟ್ಟದ ಪಂದ್ಯಕ್ಕೆ ಹೋಗಿ ಗೆರೆಯ ಹೊರಗೆ ನಿಂತು ಕೇಳಿದರೆ, ಅಂಕಣದೊಳಗಿನ ಖೋ ಶಬ್ದಕ್ಕಿಂತ ಹೊರಗಿನ ಕೂಗು ದೊಡ್ಡದಾಗಿರುತ್ತದೆ. “ಕೊಡು, ಕೊಡು!” “ಬ್ಯಾಡ, ಓಡು!” “ಕಂಬಕ್ಕ ಹೋಗು!” ಹೀಗೆ ಶಿಕ್ಷಕರು, ಹಿರಿಯ ವಿದ್ಯಾರ್ಥಿಗಳು, ಕೆಲವೊಮ್ಮೆ ಪಾಲಕರೂ ಒಟ್ಟಿಗೆ ಅರಚುತ್ತಾರೆ. ಹುಡುಗನು ಓಡುವವನ ಕಾಲನ್ನು ನೋಡುವುದನ್ನು ಬಿಟ್ಟು ಗುರುಗಳ ಬಾಯಿಗೆ ಕಿವಿಗೊಡುತ್ತಾನೆ. ವರ್ಷವೆಲ್ಲ ಹೀಗೆ ಆಡಿದ ಹುಡುಗನಿಗೆ ಓಡಲು ಬರುತ್ತದೆ, ಕುಳಿತುಕೊಳ್ಳಲು ಬರುತ್ತದೆ, ಕೂಗಲು ಬರುತ್ತದೆ. ಯಾವಾಗ ಕೂಗಬೇಕೆಂಬುದು ಮಾತ್ರ ಬರುವುದಿಲ್ಲ.

ಶಿಕ್ಷಕರ ಪಕ್ಷದಲ್ಲಿಯೂ ಮಾತಿದೆ. ಹೊರಗೆ ನಿಂತವನಿಗೆ ಇಡೀ ಅಂಕಣವು ಕಾಣುತ್ತದೆ, ಒಳಗಿನವನಿಗೆ ಕಾಣುವುದಿಲ್ಲ. ಹನ್ನೆರಡು ವರ್ಷದ ಮಗುವಿನ ತೀರ್ಮಾನವನ್ನು ನಂಬಿ ಪಂದ್ಯವನ್ನು ಕಳೆದುಕೊಂಡರೆ ಮುಖ್ಯಾಧ್ಯಾಪಕರಿಗೆ ಉತ್ತರ ಹೇಳಬೇಕಾದವರು ತಾವೇ, ಎಂದು ಅವರು ಹೇಳುತ್ತಾರೆ. ಇದರಲ್ಲಿ ಎರಡನೆಯ ಕಾರಣವು ನಿಜವಾದ ಕಾರಣ. ಮೊದಲನೆಯದು ಪರೀಕ್ಷೆಗೆ ನಿಲ್ಲುವುದಿಲ್ಲ. ಶಿಕ್ಷಕನು ನೋಡಿ, ಕೂಗಿ, ಆ ಕೂಗನ್ನು ಮಗು ಕೇಳಿ, ತಿಳಿದು, ಕೈ ಚಾಚುವಷ್ಟರಲ್ಲಿ ವಿವೇಕದ ಖೋ ತಡವಾದ ಖೋ ಆಗಿರುತ್ತದೆ. ಅದಕ್ಕಿಂತಲೂ ಸರಳವಾದ ಇನ್ನೊಂದು ಮಾತು: ಓಡುವವನಿಗೂ ಕಿವಿಗಳಿವೆ, ಅವನಿಗೂ ಕನ್ನಡ ಬರುತ್ತದೆ. “ಕೊಡು” ಎಂಬ ಕೂಗು ಅವನಿಗೂ ಕೇಳುತ್ತದೆ. ಆಚೆಗೆ ಸರಿಯಬೇಕೆಂದಿದ್ದವನು ಈಚೆಯಲ್ಲಿಯೇ ಉಳಿದುಬಿಡುತ್ತಾನೆ. ತನ್ನ ಪಕ್ಷದ ಗುಟ್ಟನ್ನು ಡಂಗುರ ಹೊಡೆಸಿ ಯುದ್ಧಕ್ಕೆ ಹೋದ ದೊರೆಯ ಕಥೆಯಂತಾಯಿತು.

ಅಮೇರಿಕದವರೂ ಈ ಹೊರಗಿನ ಬಾಯಿಯ ಮೋಹದಿಂದ ತಪ್ಪಿಸಿಕೊಂಡಿಲ್ಲ. ಅಲ್ಲಿಯ ವೃತ್ತಿಪರ ಲೀಗ್ 1994ರಿಂದ ಕ್ವಾರ್ಟರ್‌ಬ್ಯಾಕನ ಶಿರಸ್ತ್ರಾಣದೊಳಗೆ ರೇಡಿಯೋ ಇಟ್ಟು ಶಿಕ್ಷಕನ ಮಾತನ್ನು ಕೇಳಿಸುತ್ತದೆ. 2024ರಲ್ಲಿ ಕಾಲೇಜುಗಳ ಮೇಲ್ದರ್ಜೆಯ ವಿಭಾಗಕ್ಕೂ ಅದು ಬಂದಿತು. ಆದರೂ ಒಂದು ಮರ್ಯಾದೆಯುಂಟು. ಆಟ ಆರಂಭಿಸಲು ಕೊಟ್ಟ ಅವಧಿಯಲ್ಲಿ 15 ಸೆಕೆಂಡು ಉಳಿದಿರುವಾಗ ಆ ಧ್ವನಿಯನ್ನು ಕತ್ತರಿಸಿಬಿಡುತ್ತಾರೆ. ಚೆಂಡು ಕೈಗೆ ಬಂದ ಮೇಲಿನ ವಿಕಲ್ಪವು ಆಡುವವನದೇ. ಕೋಟ್ಯಂತರ ಹಣವು ಒಂದೊಂದು ಪಂದ್ಯದ ಮೇಲೆ ನಿಂತಿರುವ ಕಡೆಯಲ್ಲಿ ಆಟಗಾರನಿಗೆ ಇರುವ ಈ ಅವಕಾಶವು, ಒಂದು ಫಲಕ ಮತ್ತು ನಾಲ್ಕು ಪ್ರಮಾಣಪತ್ರಗಳು ಮಾತ್ರ ಪಣವಾಗಿರುವ ಶಾಲೆಯ ಮಗುವಿಗೆ ಏಕೆ ಇರಬಾರದು?

ಕೂಗುವುದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವುಂಟು. ಅದರ ಮೇಲೆ ಯಾರ ಕಣ್ಣೂ ಸುಲಭವಾಗಿ ಬೀಳುವುದಿಲ್ಲ. ಕುಳಿತ ಎಂಟು ಜನರಲ್ಲಿ ಇಬ್ಬರೋ ಮೂವರೋ ದುರ್ಬಲರೆಂದು ತಂಡವು ಮೊದಲೇ ತೀರ್ಮಾನಿಸಿರುತ್ತದೆ. ಬೆನ್ನಟ್ಟುವವನು ಅವರ ಬೆನ್ನನ್ನು ದಾಟಿ, ಮುಂದಿರುವ ಚುರುಕಾದ ಗೆಳೆಯನವರೆಗೆ ಓಡಿ ಅವನಿಗೇ ಖೋ ಕೊಡುತ್ತಾನೆ. ಪಂದ್ಯವೆಲ್ಲ ಮುಗಿದರೂ ಒಬ್ಬ ಹುಡುಗನು ತನ್ನ ಚೌಕದಿಂದ ಒಂದೆರಡು ಸಲ ಮಾತ್ರ ಎದ್ದಿರುತ್ತಾನೆ. ಇದು ಕಠಿಣ ಹೃದಯದಿಂದ ಆಗುವುದಲ್ಲ, ಗೆಲ್ಲಬೇಕೆಂಬ ಆತುರದಿಂದ ಆಗುವುದು. ಆದರೆ ಓಡುವವರು ಇದನ್ನು ಎರಡೇ ನಿಮಿಷಗಳಲ್ಲಿ ತಿಳಿದುಕೊಳ್ಳುತ್ತಾರೆ. ಖೋ ಬಾರದ ಚೌಕದ ಆಸುಪಾಸು ಅವರಿಗೆ ಧರ್ಮಛತ್ರವಾಗುತ್ತದೆ. ಅಲ್ಲಿ ಹೋಗಿ ದಣಿವಾರಿಸಿಕೊಳ್ಳುತ್ತಾರೆ. ಎಂಟು ಬೆನ್ನುಗಳಲ್ಲಿ ಯಾವುದಕ್ಕಾದರೂ ಖೋ ಬೀಳಬಹುದೆಂಬ ಅಂಜಿಕೆಯಿಂದಲೇ ಓಡುವವನು ತಪ್ಪು ಹೆಜ್ಜೆ ಇಡುತ್ತಾನೆ. ಆ ಅಂಜಿಕೆಯು ಐದು ಬೆನ್ನುಗಳಿಗೆ ಇಳಿದ ಮೇಲೆ ವಿಕಲ್ಪವೆಲ್ಲಿ ಉಳಿಯಿತು? ಮುಟ್ಟಲು ಹಿಂಜರಿಯುವ ಕೈಗೆ ಈ ಆಟವು ಒಲಿಯುವುದಿಲ್ಲ. ಬೆನ್ನು ಮುಟ್ಟದೆ ಕೂಗಿದ ಖೋ ನಿಯಮದ ಪ್ರಕಾರವೂ ಖೋ ಅಲ್ಲ.

ಈಚಿನ ವರ್ಷಗಳಲ್ಲಿ ಆಟದ ಮೈಗೆ ಹೊಸ ಬಟ್ಟೆ ಬಂದಿದೆ. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು ನಿಯಮಗಳನ್ನು ಬರೆದಿಟ್ಟ, 1959-60ರಲ್ಲಿ ವಿಜಯವಾಡದಲ್ಲಿ ಪ್ರಥಮ ರಾಷ್ಟ್ರೀಯ ಪಂದ್ಯಾವಳಿಯನ್ನು ಕಂಡ ಈ ಆಟವು 2022ರಲ್ಲಿ ಅಲ್ಟಿಮೇಟ್ ಖೋ-ಖೋ ಎಂಬ ಲೀಗ್ ಆಗಿ ದೂರದರ್ಶಕದ ಪರದೆಗೆ ಬಂದಿತು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಮಹಿಳೆಯರ ಅಂತಿಮ ಪಂದ್ಯದ ಅಂಕಗಳು 78-40, ಪುರುಷರದು 54-36. ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದಳು. ಹಳ್ಳಿಯ ಮಣ್ಣಿನಲ್ಲಿ ಕಲಿತ ಹುಡುಗಿ ವಿಶ್ವಕಪ್ಪನ್ನು ಎತ್ತಿ ಹಿಡಿದಳೆಂಬುದು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ, ಒಂಬತ್ತನೆಯ ತರಗತಿಗೆ ಬಂದೊಡನೆ ಹೆಣ್ಣುಮಕ್ಕಳನ್ನು ಮೈದಾನದಿಂದ ಮನೆಗೆ ಕರೆದುಕೊಳ್ಳುವ ತಾಯಿತಂದೆಗಳಿಗೆ ಗಟ್ಟಿಯಾಗಿ ಓದಿ ಹೇಳಬೇಕಾದ ಸುದ್ದಿ.

ಈ ಹೊಸ ಮಾದರಿಯಲ್ಲಿ ಅಂಕಣವು ಚಿಕ್ಕದು, ನೆಲಕ್ಕೆ ಮ್ಯಾಟ್, ಬೆನ್ನಟ್ಟುವ ತಂಡದಲ್ಲಿ ಒಂಬತ್ತರ ಬದಲು ಏಳು ಜನ. ಅವರಲ್ಲಿ ಒಬ್ಬನು ‘ವಜೀರ’. ಇವನು ದಿಕ್ಕಿನ ಕಟ್ಟಳೆಗೆ ಒಳಪಟ್ಟವನಲ್ಲ, ಬೇಕಾದಾಗ ಹಿಂದಿರುಗಬಹುದು. ಚದುರಂಗದಿಂದ ಎರವು ತಂದ ಈ ಹೆಸರು ಅಂದವಾಗಿದೆ. ನೋಡುವವರಿಗೆ ಆಟವು ರಭಸವಾಗಿ ಕಾಣುತ್ತದೆ. ಪರದೆಯ ಆಟಕ್ಕೆ ಅದು ಇರಲಿ. ಶಾಲೆಯ ಬಯಲಿಗೆ ಅದನ್ನು ತರಬೇಕೆನ್ನುವವರು ಮಾತ್ರ ಸ್ವಲ್ಪ ತಡೆದು ಯೋಚಿಸಬೇಕು. ಹಿಂದಿರುಗಲಾರದವನಿಗೆ ಬೆನ್ನು ತಿರುಗಿಸಿ ಕುಳಿತವನು ಬೇಕೇ ಬೇಕು. ತಾನೇ ತಿರುಗಬಲ್ಲವನಿಗೆ ಅವನ ಅವಶ್ಯಕತೆ ಅಷ್ಟಾಗಿ ಇಲ್ಲ. ನಿಯಮದ ಆ ಬಿಗಿಯೇ ಆಟಗಾರನನ್ನು ಇನ್ನೊಬ್ಬನ ಕಡೆಗೆ ಕೈ ಚಾಚುವಂತೆ ಮಾಡಿತ್ತು. ಇನ್ನೂ ಖೋ ಕೊಡುವುದನ್ನೇ ಕಲಿಯದ ಮಗುವಿಗೆ ವಜೀರನ ಪಟ್ಟ ಕಟ್ಟಿದರೆ ಅದು ಒಬ್ಬಂಟಿ ಓಟವನ್ನಷ್ಟೇ ಕಲಿತೀತು.

ಕೂಗನ್ನು ನಿಲ್ಲಿಸಿದರೆ ಶಿಕ್ಷಕನಿಗೆ ಕೆಲಸವೇನು ಉಳಿಯಿತೆಂದು ಕೇಳಬಹುದು. ಕೆಲಸವು ಇಮ್ಮಡಿಯಾಗುತ್ತದೆ, ಆದರೆ ಪಂದ್ಯದ ದಿನಕ್ಕಿಂತ ಮೊದಲು. ಅಭ್ಯಾಸದಲ್ಲಿ ಒಬ್ಬ ಓಟಗಾರ, ಒಬ್ಬ ಬೆನ್ನಟ್ಟುವವ, ಕುಳಿತ ಇಬ್ಬರು, ಇಷ್ಟೇ ಜನರನ್ನು ಇಟ್ಟುಕೊಂಡು ಒಂದೇ ಪ್ರಶ್ನೆಯನ್ನು ನೂರು ಸಲ ಎದುರಿಗಿಡಬಹುದು: ಅವನ ಕಾಲು ಎತ್ತ ಬಿತ್ತು? ತಪ್ಪಾದಾಗ ಗದರಿಸದೆ ಆಟವನ್ನು ಅಲ್ಲಿಯೇ ನಿಲ್ಲಿಸಿ, ನೀನು ಏನನ್ನು ಕಂಡೆ ಎಂದು ಮಗುವನ್ನೇ ಕೇಳಬಹುದು. ಮಗು ಹೇಳುವ ಉತ್ತರವು ಬಹಳ ಸಲ ಶಿಕ್ಷಕನು ಕಾಣದ್ದಾಗಿರುತ್ತದೆ. ಎಂಟೂ ಚೌಕಗಳಿಗೆ ಖೋ ಬೀಳುವವರೆಗೆ ಆ ದಿನದ ಆಟವನ್ನು ಮುಗಿಸಬಾರದೆಂಬ ಕಟ್ಟಳೆಯನ್ನು ಹಾಕಿಕೊಳ್ಳಬಹುದು. ಕುಳಿತವರು ದಿನಕ್ಕೊಬ್ಬರಂತೆ ಚೌಕಗಳನ್ನು ಬದಲಿಸಿಕೊಳ್ಳುತ್ತ, ಕಂಬದ ಪಕ್ಕದ ಚೌಕಕ್ಕೂ ಸರದಿಯಂತೆ ಬರಲಿ. ಆಗ ದುರ್ಬಲನೆನ್ನಿಸಿಕೊಂಡವನು ನಿಜವಾಗಿ ದುರ್ಬಲನೋ, ಅಥವಾ ಏಳುವ ರೂಢಿ ತಪ್ಪಿದವನೋ ಎಂಬುದು ತಿಳಿಯುತ್ತದೆ.

ಕಾಲವೂ ನೆಲವೂ ಇದಕ್ಕೆ ಒದಗಿ ಬರಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆಭೂಮಿ. ಬೇಸಿಗೆಯಲ್ಲಿ ಅಂಗೈಯಗಲದ ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುವ ಆ ಮಣ್ಣಿನಲ್ಲಿ ಗೆರೆ ಎಳೆದರೆ ನಿಲ್ಲುವುದಿಲ್ಲ. ಅಲ್ಲಿಯ ಶಾಲೆಗಳು ಗರಸು ಹೊಡೆಸಿ ಅಂಕಣವನ್ನು ಎತ್ತರಿಸಿಕೊಳ್ಳದೆ ಗತ್ಯಂತರವಿಲ್ಲ. ಕಲಘಟಗಿಯ ಕಡೆ ಮಣ್ಣು ಅಷ್ಟು ಹಟಮಾರಿಯಲ್ಲ, ಮಳೆ ಮಾತ್ರ ಹೆಚ್ಚು. ಶಾಲೆಗಳ ಪಂದ್ಯಗಳು ಗೊತ್ತಾಗುವುದು ಸಾಮಾನ್ಯವಾಗಿ ಮಳೆಗಾಲದಲ್ಲಿಯೇ. ಜೂನ್ ತಿಂಗಳಲ್ಲಿ ಬಾಗಿಲು ತೆರೆದು ಪುಸ್ತಕ ಹಂಚುವುದರೊಳಗೆ ತಂಡವನ್ನು ಆರಿಸಬೇಕಾಗುತ್ತದೆ. ಅಭ್ಯಾಸಕ್ಕೆ ಸಿಗುವುದು ಬೆರಳೆಣಿಕೆಯ ಒಣ ಸಂಜೆಗಳು. ಈ ಅವಸರದಿಂದಲೇ ಪಂದ್ಯದ ದಿನ ಕೂಗಾಟವು ಹುಟ್ಟುತ್ತದೆಂಬುದನ್ನು ಆಡಳಿತ ನಡೆಸುವವರು ಗಮನಿಸಬೇಕು. ಸುಗ್ಗಿಯ ತಿಂಗಳುಗಳಲ್ಲಿ, ನೆಲ ಗಟ್ಟಿಯಾಗಿ ಹವೆ ತಂಪಾಗಿರುವಾಗ, ವಾರಕ್ಕೆ ಎರಡು ಸಂಜೆಗಳನ್ನು ಈ ಆಟಕ್ಕೆಂದು ವೇಳಾಪಟ್ಟಿಯಲ್ಲಿ ಬರೆದು, ಪರೀಕ್ಷೆಯ ನೆವದಿಂದ ಅದನ್ನು ಗಣಿತದವರಾಗಲಿ ಕನ್ನಡದವರಾಗಲಿ ಎರವಲು ಪಡೆಯದಂತೆ ನೋಡಿಕೊಂಡರೆ, ಮುಂದಿನ ಮಳೆಗಾಲದ ಪಂದ್ಯಕ್ಕೆ ಹೋಗುವ ಹುಡುಗನು ಗೆರೆಯ ಹೊರಗೆ ನೋಡದೆ ಆಡಬಲ್ಲನು.